33 ಪುಟಗಳ ಒಂದು ಕಾಗದ

1938ರಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನ ವಕೀಲರೊಬ್ಬರು ತಮ್ಮ ಮಗನ ಬಗ್ಗೆ ಒಂದು ಕಾಗದ ಹೇಳಿ ಬರೆಸಿದರು. ಟೈಪಾಗಿ ಬಂದಾಗ ಅದು 33 ಪುಟ ಆಗಿತ್ತು. ವಕೀಲರ ಹೆಸರು ಬೀಮನ್ ಟ್ರಿಪ್ಲೆಟ್. ಮಗ ಡೊನಾಲ್ಡನಿಗೆ ಆಗ ಐದು ವರ್ಷ. ಕಾಗದ ಹೋದದ್ದು ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಅವರಿಗೆ. ಆಟಿಸಂನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಕ್ಯಾನರ್ 1943ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಶುರು ಮಾಡುತ್ತಾರೆ. ಇನ್ನೂ ಜಾಗರೂಕರಾದವರು 1925ಕ್ಕೆ ಹಿಂದೆ ಹೋಗಿ, ಮಾಸ್ಕೋದಲ್ಲಿ ಆರು ಹುಡುಗರ ಬಗ್ಗೆ ಬರೆದ ಗ್ರೂನ್ಯಾ ಸುಖರೇವಾ ಎಂಬ ವೈದ್ಯೆಯ ಹೆಸರು ಹೇಳುತ್ತಾರೆ. ನಾನು ಈ ಕಾಗದದಿಂದ ಶುರು ಮಾಡುತ್ತೇನೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು ನಾನು. ಯಾವುದೇ ಸಂಗತಿಗೆ ಮೂಲ ದಾಖಲೆ ಯಾವುದು, ಅದನ್ನು ಬರೆದವರು ಯಾರು ಎಂದು ಕೇಳುವ ಚಟ ಇನ್ನೂ ಬಿಟ್ಟಿಲ್ಲ. ಜೊತೆಗೆ, ಮೂವತ್ತರ ಹತ್ತಿರ ಬಂದಿರುವ ನನ್ನ ಮಗ ಪುಟ್ಟನಿಗೆ ಆಟಿಸಂ ಇದೆ. ಅಂಥ ಕಾಗದ ಬರೆಯುವುದೆಂದರೆ ಏನು ಅಂತ ನನಗೆ ಗೊತ್ತು.

ಅದರಲ್ಲಿ ಏನಿತ್ತು ಎನ್ನುವುದು ಕ್ಯಾನರ್ ಪ್ರಬಂಧದಿಂದ ತಿಳಿಯುತ್ತದೆ. ವರ್ಷ ತುಂಬುವಷ್ಟರಲ್ಲಿ ಡೊನಾಲ್ಡ್ ಕೇಳಿದ ರಾಗಗಳನ್ನು ತಪ್ಪಿಲ್ಲದೆ ಗುನುಗುತ್ತಿದ್ದ. ಎರಡು ವರ್ಷಕ್ಕೆ ಊರಿನ ಎಷ್ಟೋ ಮನೆಗಳ ಹೆಸರು ಬಾಯಿಪಾಠವಾಗಿತ್ತು. ಬೈಬಲಿನ 23ನೆಯ ಕೀರ್ತನೆಯನ್ನೂ ಚರ್ಚಿನ ಧರ್ಮಪಾಠದ 25 ಪ್ರಶ್ನೋತ್ತರಗಳನ್ನೂ ಒಪ್ಪಿಸುತ್ತಿದ್ದ. ಆದರೆ ಅಪ್ಪ ಮನೆಗೆ ಬಂದರೆ ತಲೆಯೆತ್ತಿ ನೋಡುತ್ತಿರಲಿಲ್ಲ. ನೆಂಟರು ಬಂದರೂ ಅಷ್ಟೆ, ಸಾಂಟಾ ಕ್ಲಾಸ್ ಪೂರ್ತಿ ವೇಷ ಕಟ್ಟಿಕೊಂಡು ಎದುರಿಗೆ ನಿಂತರೂ ಅಷ್ಟೆ. ಬಾಣಲೆ, ಮರದ ತುಂಡು, ಕೈಗೆ ಸಿಕ್ಕಿದ್ದನ್ನೆಲ್ಲ ನೆಲದ ಮೇಲೆ ಗಿರಗಿರ ತಿರುಗಿಸುತ್ತಿದ್ದ. ಯಾರಾದರೂ ತಡೆದರೆ ರಂಪ. ಪ್ರಬಂಧದಲ್ಲಿ ನನಗೆ ಬಹಳ ಇಷ್ಟವಾದದ್ದು ಇನ್ನೊಂದು ಸಂಗತಿ. ‘ಹೌದು’ ಅಂತ ಹೇಳಿದರೆ ಹೆಗಲ ಮೇಲೆ ಕೂರಿಸಿಕೊಳ್ಳುತ್ತೇನೆ ಎಂದು ಅಪ್ಪ ಅವನಿಗೆ ಆ ಮಾತು ಕಲಿಸಿದರಂತೆ. ಹುಡುಗ ಕಲಿತ. ಅಂದಿನಿಂದ ಹೆಗಲ ಮೇಲೆ ಕೂರಬೇಕು ಅನ್ನಿಸಿದಾಗಲೆಲ್ಲ ‘ಹೌದು’ ಅನ್ನತೊಡಗಿದ. ಬೇರೆ ಯಾವುದಕ್ಕೂ ಬಹಳ ಕಾಲ ಆ ಮಾತು ಬರಲಿಲ್ಲ.

ಈ ಕಾಗದಕ್ಕೆ ಮುಂಚೆ ಇನ್ನೊಂದು ಕಥೆ ಇದೆ. 1937ರಲ್ಲಿ, ನಾಲ್ಕು ವರ್ಷವೂ ತುಂಬದ ಹುಡುಗನನ್ನು ವೈದ್ಯರ ಸಲಹೆಯಂತೆ ದೂರದ ಒಂದು ಆರೋಗ್ಯಧಾಮದಲ್ಲಿ ಬಿಡಲಾಗಿತ್ತು. ಕ್ಷಯದ ಸೋಂಕಿಗೆ ಸಿಕ್ಕಬಹುದಾದ ಮಕ್ಕಳಿಗೆಂದು ಕಟ್ಟಿಸಿದ ಜಾಗ ಅದು. ಅಪ್ಪ ಅಮ್ಮ ತಿಂಗಳಿಗೆ ಎರಡು ಸಲ ಹೋಗಿ ನೋಡಬಹುದಿತ್ತು. ಆ ಕಾಲದ ವೈದ್ಯರು ಇಂಥ ಮಕ್ಕಳ ತಂದೆತಾಯಿಗೆ ಕೊಡುತ್ತಿದ್ದ ಬುದ್ಧಿವಾದವೇ ಅದು: ಬಿಟ್ಟುಬಿಡಿ, ಮರೆತುಬಿಡಿ, ಇನ್ನೊಂದು ಮಗು ಮಾಡಿಕೊಳ್ಳಿ. ಡೊನಾಲ್ಡ್ ಅಲ್ಲಿ ಆಟ ಬಿಟ್ಟ, ಊಟ ಬಿಟ್ಟ, ಸುಮ್ಮನೆ ಕೂತ. ಒಂದು ವರ್ಷದ ಮೇಲೆ ಸಂಸ್ಥೆಯವರು ಬೇಡ ಅಂದರೂ ಕೇಳದೆ ತಂದೆತಾಯಿ ಮಗನನ್ನು ಮನೆಗೆ ಕರೆತಂದರು. ಆಮೇಲೆ ಬರೆದದ್ದು ಈ ಕಾಗದ.

ಕ್ಯಾನರ್ ಪ್ರಬಂಧದಲ್ಲಿ ಹನ್ನೊಂದು ಮಕ್ಕಳಿದ್ದಾರೆ, ಎಂಟು ಗಂಡು, ಮೂರು ಹೆಣ್ಣು. ಮೊದಲನೆಯವನೇ ಡೊನಾಲ್ಡ್. ಹೆತ್ತವರು ಹೇಳಿದ್ದು, ಬರೆದಿಟ್ಟದ್ದು ಇಲ್ಲದಿದ್ದರೆ ಆ ಪ್ರಬಂಧಕ್ಕೆ ಅರ್ಧ ಮೈಯೇ ಇರುತ್ತಿರಲಿಲ್ಲ. ಆದರೆ ಅದೇ ಪ್ರಬಂಧದ ಕೊನೆಯ ಭಾಗಕ್ಕೆ ಬಂದಾಗ ಕ್ಯಾನರ್ ಆ ಬರವಣಿಗೆಯನ್ನೇ ಹಿಡಿದು ತಂದೆತಾಯಿಗಳ ಸ್ವಭಾವದ ಬಗ್ಗೆ ತೀರ್ಪು ಕೊಡುತ್ತಾರೆ. ಮಗು ಯಾವಾಗ ಏನು ಕಲಿತಿತು, ಎಷ್ಟು ಪ್ರಶ್ನೋತ್ತರ ಒಪ್ಪಿಸಿತು ಎಂದು ಇಷ್ಟು ವಿವರವಾಗಿ ದಿನಚರಿ ಬರೆದಿಡುವುದು ಗೀಳಿನ ಲಕ್ಷಣ, ಇಂಥ ಮನೆಗಳಲ್ಲಿ ನಿಜವಾದ ಬೆಚ್ಚನೆಯ ತಂದೆತಾಯಿ ಬಹಳ ಕಡಿಮೆ, ಎನ್ನುವ ಧಾಟಿ ಅದು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ. ಈ ಮಕ್ಕಳು ಹುಟ್ಟುವಾಗಲೇ ಹೀಗೆ ಹುಟ್ಟಿರಬೇಕು ಎಂದು ಅದೇ ಪ್ರಬಂಧದಲ್ಲಿ ಹೇಳಿದವರೂ ಕ್ಯಾನರ್ ಅವರೇ. ಎರಡು ಮಾತೂ ಪಕ್ಕಪಕ್ಕದಲ್ಲಿವೆ. ಮುಂದಿನ ಇಪ್ಪತ್ತು ವರ್ಷ ಜಗತ್ತು ಹಿಡಿದುಕೊಂಡದ್ದು ಮೊದಲನೆಯದನ್ನು.

ಆ ಹನ್ನೊಂದು ಮನೆಗಳ ಪಟ್ಟಿ ನೋಡಿದರೆ ನನ್ನಂಥ ಮೇಷ್ಟ್ರಮ್ಮನಿಗೆ ಬೇರೆಯೇ ಸಂಗತಿ ಕಾಣುತ್ತದೆ. ಅಪ್ಪಂದಿರಲ್ಲಿ ನಾಲ್ವರು ಮನೋವೈದ್ಯರು. ಉಳಿದವರಲ್ಲಿ ವಕೀಲ, ಪ್ರೊಫೆಸರ್, ಗಣಿ ಎಂಜಿನಿಯರ್, ವ್ಯಾಪಾರಿ. ಹನ್ನೊಂದು ತಾಯಂದಿರಲ್ಲಿ ಒಂಬತ್ತು ಜನ ಕಾಲೇಜು ಮುಗಿಸಿದವರು. ಓದಿದ, ಬುದ್ಧಿವಂತ, ಒಣಗಿದ ಮನೆಗಳಲ್ಲೇ ಇಂಥ ಮಕ್ಕಳು ಹುಟ್ಟುತ್ತಾರೆ ಎಂಬ ಅನುಮಾನ ಇಲ್ಲಿಂದ ಬೆಳೆಯಿತು. ಅಲ್ಲ ಸ್ವಾಮಿ, 1938ರಲ್ಲಿ ಮಿಸಿಸಿಪ್ಪಿಯ ಹತ್ತಿ ಹೊಲದಲ್ಲಿ ಕೂಲಿ ಮಾಡುವವಳ ಮಗ ಮಾತಾಡದಿದ್ದರೆ ಅವಳು 33 ಪುಟ ಟೈಪ್ ಮಾಡಿಸಿ ಬಾಲ್ಟಿಮೋರಿಗೆ ಕಳಿಸುತ್ತಿದ್ದಳೇ? ರೈಲಿನ ಟಿಕೆಟ್ಟಿಗೆ ದುಡ್ಡಿದ್ದವರು ಮಾತ್ರ ಆ ಕ್ಲಿನಿಕ್ಕಿನ ಬಾಗಿಲು ಮುಟ್ಟಿದರು. ಕೆ.ಆರ್. ನಗರದ ಹತ್ತಿರದ ನಮ್ಮ ತವರೂರಿನಲ್ಲಿ ಒಬ್ಬನಿದ್ದ. ಊರಿಗೆಲ್ಲ ಅವನು ‘ಮೂಗ’, ಆದರೆ ಮೂಗನೇನಲ್ಲ, ಬೇಕಾದಾಗ ಒಂದೊಂದು ಮಾತು ಬರುತ್ತಿತ್ತು. ತೋಟದಲ್ಲಿ ಕಾಯಿ ಕೆಡವಿದ ದಿನ ಅವನನ್ನು ಕರೆದು ಕೂರಿಸುತ್ತಿದ್ದರು. ಜೊತೆ ಜೊತೆಯಾಗಿ ಎಣಿಸಿ ಗುಡ್ಡೆ ಹಾಕುತ್ತಿದ್ದ, ಒಂದು ಕಾಯಿ ತಪ್ಪುತ್ತಿರಲಿಲ್ಲ. ಮಧ್ಯೆ ಯಾರಾದರೂ ಒಂದು ಕಾಯಿ ಎತ್ತಿಕೊಂಡರೆ ಇಡೀ ಗುಡ್ಡೆ ಬೀಳಿಸಿ ಮತ್ತೆ ಮೊದಲಿಂದ. ಹಳ್ಳಿಯವರು ಅಂಥವರನ್ನು ಹೊಂದಿಸಿಕೊಂಡು ಹೋಗುತ್ತಿದ್ದರು ಅಂತ ಈಗ ಕೆಲವರು ಭಾಷಣದಲ್ಲಿ ಹೇಳುತ್ತಾರೆ. ಹೊಂದಿಸಿಕೊಂಡರು, ನಿಜ. ಹುಡುಗರು ಅವನಿಗೆ ಕಲ್ಲು ಹೊಡೆಯುತ್ತಿದ್ದದ್ದೂ, ತಾಯಿ ಸತ್ತಮೇಲೆ ಅವನು ಯಾರ್ಯಾರದೋ ಕೊಟ್ಟಿಗೆಯಲ್ಲಿ ಮಲಗುತ್ತಿದ್ದದ್ದೂ ನಿಜ. ಅವನ ಬಗ್ಗೆ ಯಾರೂ ಒಂದು ಸಾಲೂ ಬರೆದಿಡಲಿಲ್ಲ.

1948ರಲ್ಲಿ ಟೈಮ್ ಪತ್ರಿಕೆ ಇಂಥ ಮಕ್ಕಳನ್ನು ಹಿಮಗಟ್ಟಿದ ಮಕ್ಕಳೆಂದು ಕರೆದು ಸುದ್ದಿ ಮಾಡಿತು. ಮರುವರ್ಷ ಕ್ಯಾನರ್ ಸ್ವತಃ ರೆಫ್ರಿಜರೇಟರ್ ಹೋಲಿಕೆ ಬಳಸಿದರು: ಮಕ್ಕಳನ್ನು ಅಚ್ಚುಕಟ್ಟಾಗಿ ಒಳಗಿಟ್ಟ, ಮಂಜು ಕರಗದ ಫ್ರಿಜ್ಜು. ಅಲ್ಲಿಂದ ‘ಫ್ರಿಜ್ ತಾಯಿ’ ಎಂಬ ಬಿರುದು ಹುಟ್ಟಿತು. ವಿಚಿತ್ರವೆಂದರೆ 1941ರಲ್ಲಿ ತಾಯಂದಿರ ಪರವಾಗಿ ಒಂದು ಇಡೀ ಪುಸ್ತಕ ಬರೆದವರು ಇದೇ ಕ್ಯಾನರ್. ತಾಯಂದಿರ ಮೇಲಿನ ಆರೋಪವನ್ನು ಕೊನೆ ಮುಟ್ಟಿಸಿದವರು ಮಾತ್ರ ಷಿಕಾಗೋದ ಬ್ರೂನೋ ಬೆಟಲ್‌ಹೈಮ್. ನಾಟ್ಸಿಗಳ ಡಾಕೌ, ಬುಕನ್‌ವಾಲ್ಡ್ ಶಿಬಿರಗಳಲ್ಲಿ ಸೆರೆಯಿದ್ದು ಬದುಕಿ ಬಂದ ಮನುಷ್ಯ. ಮಗು ಇಲ್ಲದಿದ್ದರೇ ಚೆನ್ನಾಗಿತ್ತು ಎಂಬ ತಂದೆತಾಯಿಯ ಒಳಬಯಕೆಯೇ ಆಟಿಸಂಗೆ ದಾರಿ ಎಂದು 1967ರ ತಮ್ಮ ಪುಸ್ತಕದಲ್ಲಿ ವಾದಿಸಿದರು, ಮಕ್ಕಳ ಸ್ಥಿತಿಯನ್ನು ಶಿಬಿರದ ಕೈದಿಗಳ ಸ್ಥಿತಿಯ ಪಕ್ಕಕ್ಕಿಟ್ಟು ನೋಡಿದರು. ಕೈದಿಯ ಜಾಗದಲ್ಲಿ ಮಗು ಇದ್ದರೆ ಕಾವಲುಗಾರನ ಜಾಗದಲ್ಲಿ ಯಾರು? ಓದಿದವರಿಗೆ ತಾನೇ ಅರ್ಥವಾಗುತ್ತಿತ್ತು. ಇದಕ್ಕೆ ಅವರು ಹೇಳಿದ ಮದ್ದು, ಮಗುವನ್ನು ತಾಯಿಯಿಂದ ಬೇರೆ ಮಾಡುವುದು. ಎಷ್ಟೋ ಮನೆಗಳು ಹಾಗೆ ಮಾಡಿದವು.

ಇದನ್ನೆಲ್ಲ ಮೊದಲ ಸಲ ಓದಿದಾಗ ನನಗೆ ನಗು ಬಂತು. ಷಿಕಾಗೋ ಯಾಕೆ, ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಯ ಅಡುಗೆಮನೆಯಲ್ಲೇ ಆ ಸಿದ್ಧಾಂತ ಇತ್ತು. ಪುಟ್ಟ ಹೊಟ್ಟೆಯಲ್ಲಿದ್ದಾಗ, 1995ರ ಅಕ್ಟೋಬರ್ 24ರಂದು ಸೂರ್ಯಗ್ರಹಣ. ಉತ್ತರದಲ್ಲಿ ಪೂರ್ಣಗ್ರಹಣ, ನಮಗೆ ಪಾರ್ಶ್ವ. ಅತ್ತೆ ನನ್ನನ್ನು ಬಾಗಿಲು ಕಿಟಕಿ ಮುಚ್ಚಿ, ಮಡಿಲಲ್ಲಿ ದರ್ಭೆ ಇಟ್ಟು ಕೂರಿಸಿದ್ದರು. ಮಧ್ಯೆ ಒಂದು ಸಲ ಹಿತ್ತಲಿಗೆ ಹೋಗಬೇಕಾಯಿತು, ಹೋದೆ. ಮೂರು ವರ್ಷವಾದರೂ ಮಗ ಕರೆದರೆ ತಿರುಗಲಿಲ್ಲ, ‘ಅಮ್ಮ’ ಅನ್ನಲಿಲ್ಲ ಎಂದಾಗ ಆ ಹಿತ್ತಲು ಮತ್ತೆ ಮತ್ತೆ ಎದ್ದುಬಂತು. “ನಾನು ಹೇಳ್ದೆ, ಕೇಳ್ಲಿಲ್ಲ ಇವಳು. ಅರ್ಧ ಗಳಿಗೆ ಕೂತಿದ್ರೆ ಏನಾಗ್ತಿತ್ತು?” ನಾದಿನಿಯದು ಆಧುನಿಕ ವಿಚಾರ: “ನೀವು ಸ್ಕೂಲಿಗೆ ಹೋಗ್ಬಿಡ್ತೀರ ಅತ್ತಿಗೆ, ಮಗೂಗೆ ಮಾತಾಡ್ಸೋರು ಯಾರು?” ಪಕ್ಕದ ಮನೆಯವರು ಟಿವಿ ಎಂದರು. ನಾಲಿಗೆಗೆ ಬಜೆ ತೇಯ್ದು ಜೇನಲ್ಲಿ ಹಚ್ಚಿದ್ದಾಯಿತು, ಹರಕೆ ಹೊತ್ತದ್ದಾಯಿತು. ಗಂಡುಮಕ್ಕಳಿಗೆ ಮಾತು ತಡ ಎಂದು ಸಮಾಧಾನ ಹೇಳಿದವರೂ ಇದ್ದರು, ಅವರೇ ಮೇಲು. ಯಾರೂ ನನ್ನ ಗಂಡನನ್ನು ಗ್ರಹಣದ ದಿನ ಎಲ್ಲಿದ್ದೆ ಅಂತ ಕೇಳಲಿಲ್ಲ. ಅತ್ತೆ ಕೆಟ್ಟವರಲ್ಲ. ಮುಂದೆ ಪುಟ್ಟನಿಗೆ ರಾತ್ರಿಯೆಲ್ಲ ನಿದ್ದೆ ಬರದ ಕಾಲದಲ್ಲಿ ಅವನ ಜೊತೆ ಜಗಲಿಯಲ್ಲಿ ಕೂತವರು ಅವರೇ. ಕಾರಣ ಸಿಗದ ಕಡೆ ಕೈಗೆ ಸಿಕ್ಕಿದ ಹೆಂಗಸನ್ನು ಕಾರಣ ಮಾಡುವುದು ಬಹಳ ಹಳೆಯ ಪದ್ಧತಿ. ಪ್ರೊಫೆಸರು ಮಾಡಿದರೆ ಅದಕ್ಕೊಂದು ಪುಸ್ತಕ, ಅಜ್ಜಿ ಮಾಡಿದರೆ ಮೂಢನಂಬಿಕೆ.

ಆ ಪುಸ್ತಕಗಳನ್ನು ಒಡೆದವರೂ ಮನೆಯಲ್ಲಿ ಅಂಥ ಮಗು ಇದ್ದವರೇ. ಬರ್ನಾರ್ಡ್ ರಿಮ್‌ಲ್ಯಾಂಡ್ ಕ್ಯಾಲಿಫೋರ್ನಿಯಾದಲ್ಲಿ ನೌಕಾಪಡೆಗೆ ಕೆಲಸ ಮಾಡುತ್ತಿದ್ದ ಮನಶ್ಶಾಸ್ತ್ರಜ್ಞ. 1956ರಲ್ಲಿ ಹುಟ್ಟಿದ ಮಗ ಮಾರ್ಕ್ ವಿಪರೀತ ಅಳುತ್ತಿದ್ದ, ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಕಾಲೇಜಿನಲ್ಲಿ ಇಂಥದ್ದೊಂದು ಮಗುವಿನ ಬಗ್ಗೆ ಓದಿದ್ದು ಹೆಂಡತಿ ಗ್ಲೋರಿಯಾಗೆ ನೆನಪಾಗಿ, ಗ್ಯಾರೇಜಿನ ಪೆಟ್ಟಿಗೆಯಿಂದ ಹಳೆಯ ಪಠ್ಯಪುಸ್ತಕ ಹುಡುಕಿ ತೆಗೆದರಂತೆ. ರಿಮ್‌ಲ್ಯಾಂಡ್ ಆಗ ಸಿಕ್ಕಿದ ಪ್ರಬಂಧಗಳನ್ನೆಲ್ಲ ಓದುತ್ತಾ ಹೋದರು. ತಾಯಿಯ ತಣ್ಣನೆತನಕ್ಕೆ ಎಲ್ಲಿಯೂ ಪುರಾವೆ ಸಿಗಲಿಲ್ಲ. ಒಂದೇ ಮನೆಯ ಉಳಿದ ಮಕ್ಕಳು ಸರಿಯಾಗಿದ್ದಾರೆ, ಅದೇ ತಾಯಿ ಅಲ್ಲವೇ? 1964ರಲ್ಲಿ ಅವರ ಪುಸ್ತಕ ಬಂತು. ಮುನ್ನುಡಿ ಬರೆದವರು ಕ್ಯಾನರ್. ಪುಸ್ತಕದ ಕೊನೆಗೆ ಒಂದು ಪ್ರಶ್ನಾವಳಿ ಇತ್ತು, ಮಗುವಿನ ಲಕ್ಷಣಗಳನ್ನು ಗುರುತು ಹಾಕುವ ಹಾಳೆ. ಓದಿದ ತಂದೆತಾಯಿಗಳು ಅದನ್ನು ತುಂಬಿ ಲೇಖಕರ ವಿಳಾಸಕ್ಕೆ ಅಂಚೆಯಲ್ಲಿ ಕಳಿಸತೊಡಗಿದರು. ಜೊತೆಗೆ ಕಾಗದಗಳು. ಆ ಕಾಗದ ಬರೆದವರನ್ನು ಒಂದುಗೂಡಿಸಿ 1965ರಲ್ಲಿ ಅಮೆರಿಕದಲ್ಲಿ ಹೆತ್ತವರ ರಾಷ್ಟ್ರೀಯ ಸಂಘ ಹುಟ್ಟಿತು. ಸಂಘ ಕಟ್ಟಿದವರಲ್ಲಿ ರೂತ್ ಕ್ರೈಸ್ಟ್ ಸಲಿವನ್ ಎಂಬ ತಾಯಿಯದು ದೊಡ್ಡ ಕೈ. 1988ರ ‘ರೇನ್ ಮ್ಯಾನ್’ ಸಿನಿಮಾಕ್ಕೆ ಡಸ್ಟಿನ್ ಹಾಫ್‌ಮನ್ ನೋಡಿ ಕಲಿತವರಲ್ಲಿ ಈಕೆಯ ಮಗನೂ ಒಬ್ಬ. 1969ರಲ್ಲಿ ವಾಷಿಂಗ್ಟನ್ನಿನಲ್ಲಿ ಈ ಸಂಘ ಸೇರಿದಾಗ ಮುಪ್ಪಿನ ಕ್ಯಾನರ್ ವೇದಿಕೆ ಮೇಲೆ ನಿಂತು, ತಂದೆತಾಯಿಗಳನ್ನು ಆರೋಪದಿಂದ ಬಿಡುಗಡೆ ಮಾಡುತ್ತಿದ್ದೇನೆ ಎಂದರು. ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ನಾನು ಅಲ್ಲಿದ್ದರೆ ಕೂತೇ ಇರುತ್ತಿದ್ದೆನೋ ಏನೋ. ತಪ್ಪೇ ಮಾಡದವರಿಗೆ ಬಿಡುಗಡೆ ಎಂಥದು?

ಇಂಗ್ಲೆಂಡಿನಲ್ಲಿ 1962ರಲ್ಲೇ ಇಂಥ ಸಂಘ ಬಂದಿತ್ತು. ಅದರ ಬೆನ್ನೆಲುಬು ಲೋರ್ನಾ ವಿಂಗ್, ಮನೋವೈದ್ಯೆ, ಸೂಸಿ ಎಂಬ ಆಟಿಸಂ ಇದ್ದ ಮಗಳ ತಾಯಿ. ಈಕೆಯ ಕೆಲಸ ನನಗೆ ಎಲ್ಲರಿಗಿಂತ ಮೇಲು ಅನ್ನಿಸುವುದಕ್ಕೆ ಕಾರಣವಿದೆ. ಕ್ಲಿನಿಕ್ಕಿಗೆ ಬಂದವರನ್ನು ಲೆಕ್ಕ ಹಾಕುವುದು ಬಿಟ್ಟು, ಜೂಡಿತ್ ಗೌಲ್ಡ್ ಜೊತೆ ಸೇರಿ ಲಂಡನ್ನಿನ ಕ್ಯಾಂಬರ್‌ವೆಲ್ ಪ್ರದೇಶದ ಮಕ್ಕಳನ್ನು ಹುಡುಕಿಕೊಂಡು ಹೋದರು. 1979ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಕ್ಯಾನರ್ ಹೇಳಿದ ಅಚ್ಚಿಗೆ ಕೂರದ ಎಷ್ಟೋ ಮಕ್ಕಳು ಕಂಡರು. ಕೆಲವರು ಪೂರ್ತಿ ಮೌನ, ಕೆಲವರು ಮೈಮೇಲೆ ಬಿದ್ದು ಮಾತಾಡುವವರು. ಬಡವರ ಮನೆಯ ಮಕ್ಕಳೂ ಅಷ್ಟೇ ಇದ್ದರು. ಆಟಿಸಂ ಒಂದೇ ಬಣ್ಣದ ಸಂಗತಿಯಲ್ಲ, ಒಂದು ಹರಹು ಎಂಬ ತಿಳಿವಳಿಕೆ ಅಲ್ಲಿಂದ ಬಂತು. ಇದಕ್ಕೆ ಎರಡು ವರ್ಷ ಮುಂಚೆ, 1977ರಲ್ಲಿ, ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕಲ್ ರಟರ್ 21 ಜೋಡಿ ಅವಳಿಗಳ ಅಧ್ಯಯನ ಮುಗಿಸಿದ್ದರು. ಒಂದೇ ಅಂಡದಿಂದಾದ 11 ಜೋಡಿಗಳಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ. ಬೇರೆ ಬೇರೆ ಅಂಡದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿಲ್ಲ. ಸಂಖ್ಯೆ ಸಣ್ಣದು, ಆದರೆ ಅನುವಂಶೀಯತೆಯ ಕಡೆಗೆ ನೇರವಾಗಿ ಬೆರಳು ತೋರಿಸಿತು. ಫ್ರಿಜ್ ಸಿದ್ಧಾಂತ ಅಲ್ಲಿಗೆ ಮುಗಿಯಬೇಕಿತ್ತು. ಆದರೆ 1998ರಲ್ಲಿ ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಸುಳ್ಳೊಂದು ಹುಟ್ಟಿ, ತಾಯಂದಿರು ‘ಯಾಕೆ ಹಾಕಿಸಿದೆ’ ಎಂಬ ಹೊಸ ಪ್ರಶ್ನೆಗೆ ಉತ್ತರಿಸಬೇಕಾಯಿತು. 12 ಮಕ್ಕಳ ಮೇಲೆ ಕಟ್ಟಿದ ಆ ಪ್ರಬಂಧವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ವಾಪಸ್ ಪಡೆಯಿತು. ವಾಟ್ಸಾಪಿನವರು ಇನ್ನೂ ಪಡೆದಿಲ್ಲ.

ಮೈಸೂರಿಗೆ ಬರುತ್ತೇನೆ. 1965ರಲ್ಲಿ ಇಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯನ್ನು ಊರಿನ ಆಟೋದವರು ‘ಸ್ಪೀಚ್ ಅಂಡ್ ಹಿಯರಿಂಗ್’ ಅನ್ನುತ್ತಾರೆ. ಮಾತು ಬಾರದ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನಿಂತ ತಾಯಿಯನ್ನು ಕಂಡರೆ ಕೇಳದೆಯೇ ಅತ್ತ ತಿರುಗಿಸುತ್ತಾರೆ. ಪುಟ್ಟನ ಬುದ್ಧಿ ಅಳೆಯಲು ನಾನಾ ಕಡೆ ಮುಂದಿಟ್ಟದ್ದು ಒಂದೇ ಹಲಗೆ, ಸೆಗ್ವಿನ್ ಫಾರ್ಮ್ ಬೋರ್ಡ್. ಮರದ ಹಲಗೆಯಲ್ಲಿ ಹತ್ತು ಗುಳಿ: ವೃತ್ತ, ಚೌಕ, ನಕ್ಷತ್ರ, ಅರ್ಧಚಂದ್ರ ಹೀಗೆ. ಹತ್ತು ತುಂಡುಗಳನ್ನು ಆದಷ್ಟು ಬೇಗ ಅವುಗಳ ಗುಳಿಯಲ್ಲಿ ಕೂರಿಸಬೇಕು, ಪಕ್ಕದಲ್ಲಿ ಸ್ಟಾಪ್‌ವಾಚ್. ಪುಟ್ಟ ಒಂದೊಂದೇ ತುಂಡನ್ನು ಎತ್ತಿ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ, ಪೂರ್ತಿ ಒಂದು ಸುತ್ತು. ಆಮೇಲೆ ಗುಳಿಗೆ. ತಪ್ಪು ಒಂದೂ ಇಲ್ಲ, ಸಮಯ ಮಾತ್ರ ಮೀರಿಹೋಗುತ್ತಿತ್ತು. ಅಂಕ ಕಡಿಮೆ. ಭಾರತದ ಮಕ್ಕಳಿಗೆ ಈ ಹಲಗೆಯಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಮಾನದಂಡವನ್ನು ಸಿದ್ಧಪಡಿಸಿದವರು ಇದೇ ಮೈಸೂರಿನ ಸಂಸ್ಥೆಯ ಜೆ. ಭರತ್‌ರಾಜ್, 1971ರಲ್ಲಿ. ಇನ್ನೂ ಹಿಂದಕ್ಕೆ ಹೋದರೆ ಹಲಗೆಗೆ ಹೆಸರು ಕೊಟ್ಟ ಎಡ್ವರ್ಡ್ ಸೆಗ್ವಿನ್, 19ನೆಯ ಶತಮಾನದ ಫ್ರೆಂಚ್ ವೈದ್ಯ. ಅವನ ಗುರು ಇಟಾರ್. ಇಟಾರ್ ಎಂದರೆ ಆವೆರೋನ್ ಕಾಡಿನಿಂದ 1800ರಲ್ಲಿ ಹೊರಬಂದ ವಿಕ್ಟರ್ ಎಂಬ ಮಾತಿಲ್ಲದ ಹುಡುಗನಿಗೆ ವರ್ಷಗಟ್ಟಲೆ ಪಾಠ ಹೇಳಿದವನು. ವಿಕ್ಟರನಿಗೆ ಇದ್ದದ್ದು ಆಟಿಸಂ ಎಂದು ಊಟಾ ಫ್ರಿತ್ ವಾದಿಸಿದ್ದಾರೆ, ಒಪ್ಪದವರೂ ಇದ್ದಾರೆ. ಅಂತೂ ಆ ಕಾಡಿನ ಹುಡುಗನಿಂದ ನಮ್ಮ ಸಂಸ್ಥೆ ಇರುವ ಮಾನಸಗಂಗೋತ್ರಿಯವರೆಗೆ ಗುರುಪರಂಪರೆಯೊಂದು ಬಂದು ನನ್ನ ಮಗನ ಹೆಬ್ಬೆರಳಿಗೆ ಮುಟ್ಟಿತು. ಇಟಾರ್ ಎರಡು ವರದಿ ಬರೆದು ಪ್ರಸಿದ್ಧನಾದ, ಆಮೇಲೆ ಕೈಬಿಟ್ಟ. ವಿಕ್ಟರನನ್ನು 1828ರಲ್ಲಿ ಅವನು ಸಾಯುವವರೆಗೆ ಸಾಕಿದವಳು ಮದಾಂ ಗೆರಾನ್ ಎಂಬ ಮನೆಯಾಕೆ. ಅವಳ ಗಂಡ ತೀರಿಕೊಂಡ ಮೇಲೆ ಒಂದು ದಿನ ವಿಕ್ಟರ್ ರೂಢಿಯಂತೆ ಆತನ ಜಾಗದಲ್ಲೂ ತಟ್ಟೆ ಇಟ್ಟನಂತೆ. ಅವಳು ಅತ್ತಳು. ಅವನು ತಟ್ಟೆ ಎತ್ತಿ ಬೀರುವಿನಲ್ಲಿಟ್ಟ, ಮತ್ತೆಂದೂ ಅಲ್ಲಿ ಇಡಲಿಲ್ಲ. ಬರೆದದ್ದು ಇಟಾರ್, ಕಂಡದ್ದು ಅವಳು.

ಹಲಗೆಯ ಅಂಕದ ಮೇಲೆ ಪುಟ್ಟನಿಗೆ ಸಿಕ್ಕ ಮೊದಲ ಸರ್ಟಿಫಿಕೇಟಿನಲ್ಲಿ ಇದ್ದದ್ದು ಬುದ್ಧಿಮಾಂದ್ಯ ಎಂದು. ಬೇರೆ ದಾರಿಯೇ ಇರಲಿಲ್ಲ. 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿತ್ತು, ಅದರಲ್ಲಿ ಆಟಿಸಂ ಇಲ್ಲ. ರೈಲ್ವೆ ರಿಯಾಯಿತಿಯಿಂದ ಹಿಡಿದು ಪಿಂಚಣಿವರೆಗೆ ಎಲ್ಲಕ್ಕೂ ಆ ಏಳರಲ್ಲಿ ಒಂದು ಬಾಗಿಲಿಂದಲೇ ಒಳಗೆ ಹೋಗಬೇಕಿತ್ತು. ಇದನ್ನು ಸರಿಪಡಿಸಲು ದೆಹಲಿಯಲ್ಲಿ ಓಡಾಡಿದವರಲ್ಲಿ ಮೆರ್ರಿ ಬರುವಾ ಮುಖ್ಯರು. ಅವರೂ ಆಟಿಸಂ ಇರುವ ಮಗನ ತಾಯಿ. 1991ರಲ್ಲಿ ಆಕ್ಷನ್ ಫಾರ್ ಆಟಿಸಂ ಸಂಸ್ಥೆ ಕಟ್ಟಿ, 1994ರಲ್ಲಿ ಒಂದು ಶಾಲೆಯನ್ನೂ ಒಂದು ಪತ್ರಿಕೆಯನ್ನೂ ಶುರು ಮಾಡಿದರು. ಇಂಟರ್ನೆಟ್ ಇಲ್ಲದ ಕಾಲದಲ್ಲಿ ಆ ಪತ್ರಿಕೆ ಕೈಯಿಂದ ಕೈಗೆ, ಜೆರಾಕ್ಸಿನಿಂದ ಜೆರಾಕ್ಸಿಗೆ ಹೋಗುತ್ತಿತ್ತು. ನನಗೆ ಸಿಕ್ಕಿದ್ದು ಅಕ್ಷರ ಮಾಸಿದ ಒಂದು ಪ್ರತಿ. ಬೆಂಗಳೂರಿನಲ್ಲಿ 1995ರಲ್ಲಿ ಜಯಶ್ರೀ ರಮೇಶ್ ಅವರ ‘ಆಶಾ’ ಸಂಸ್ಥೆ ಬಂತು, 2000ದಲ್ಲಿ ಪ್ರತಿಭಾ ಕಾರಂತ್ ಅವರ ‘ಕಾಮ್ ಡೀಲ್’. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಹೆಸರಿನಲ್ಲೇ ಆಟಿಸಂ ಸೇರಿತು. ಆದರೆ ಸರ್ಟಿಫಿಕೇಟಿನ ತೊಡಕು ತೀರಲಿಲ್ಲ. ಆಟಿಸಂ ಅಳೆಯುವ ನಮ್ಮದೇ ಮಾಪಕ ‘ಐಸಾ’ ಬಂದದ್ದು 2009ರಲ್ಲಿ: 40 ಪ್ರಶ್ನೆ, ಒಂದೊಂದಕ್ಕೆ ಒಂದರಿಂದ ಐದು ಅಂಕ. 70ರಿಂದ ಸೌಮ್ಯ, 107ರಿಂದ ಮಧ್ಯಮ, 153 ಮೀರಿದರೆ ತೀವ್ರ. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ಸಿದ್ಧಪಡಿಸಿದ್ದು. ಕೊನೆಗೆ 2016ರ ಕಾಯ್ದೆಯಲ್ಲಿ ಏಳು ಹೋಗಿ 21 ಆಯಿತು, ಆಟಿಸಂ ಅದರಲ್ಲೊಂದು. ಜಾರಿಗೆ ಬಂದದ್ದು 2017ರ ಏಪ್ರಿಲ್ 19. ಪುಟ್ಟನಿಗೆ ಆಗ ಮೀಸೆ ಬಂದು ಎಷ್ಟೋ ವರ್ಷವಾಗಿತ್ತು.

ಐಸಾ ಪ್ರಶ್ನೆ ಕೇಳುವವರ ಎದುರು ಕೂತಾಗ ಒಂದು ಮಾತು ಹೊಳೆಯಿತು. ಮಗನನ್ನು ನೋಡಿ ಹಾಕುವ ಅಂಕ ಒಂದಿಷ್ಟು, ಉಳಿದದ್ದೆಲ್ಲ ನನ್ನ ಬಾಯಿಂದ ಬರಬೇಕು. ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಾನಾ? ನೋವು ಗೊತ್ತಾಗುತ್ತಾ? ಬದಲಾವಣೆ ಸಹಿಸುತ್ತಾನಾ? ನಾನು ನೋಟ್‌ಬುಕ್ಕು ಬಿಚ್ಚಿದೆ. ಚಿಕ್ಕಂದಿನಿಂದ ಬರೆದಿಟ್ಟದ್ದು, ನಮ್ಮ ಶಾಲೆಯ ಹಳೆಯ ಹಾಜರಿ ಪುಸ್ತಕಗಳ ಖಾಲಿ ಪುಟಗಳಲ್ಲಿ. ಮಿಕ್ಸಿ ಹಾಕಿದರೆ ಕಿವಿ ಮುಚ್ಚಿ ಓಡುತ್ತಾನೆ, ಪಕ್ಕದ ಮನೆಯ ಮಿಕ್ಸಿಗೆ ಏನೂ ಅನ್ನುವುದಿಲ್ಲ. ಅನ್ನ ಸಾರು ಬೇರೆ ಬೇರೆ ಬಟ್ಟಲಲ್ಲಿ, ತಾನೇ ಕಲಸಬೇಕು. ಬಸ್ಸು 61 ಆದರೆ ಹತ್ತುತ್ತಾನೆ, ಬೇರೆ ನಂಬರಾದರೆ ರಸ್ತೆಯಲ್ಲೇ ಕೂರುತ್ತಾನೆ. ಎದುರಿಗಿದ್ದ ಹುಡುಗಿ ಹೊಸದಾಗಿ ಕೆಲಸಕ್ಕೆ ಸೇರಿದ್ದವಳು. ಪುಟ ತಿರುವಿ, “ಮೇಡಂ, ನಿಮ್ಮಷ್ಟು ಬರೆದಿಟ್ಟುಕೊಂಡವರನ್ನ ನಾನು ನೋಡಿಲ್ಲ” ಅಂದಳು. ಒಳ್ಳೆಯ ಮಾತಾಗಿಯೇ ಹೇಳಿದ್ದಳು. ಕ್ಯಾನರ್ ನೆನಪಾಗಿ ನಾನು ನೋಟ್‌ಬುಕ್ಕನ್ನು ಸ್ವಲ್ಪ ನನ್ನ ಕಡೆಗೆ ಎಳೆದುಕೊಂಡೆ.

ಇದೇ ಊರಿನ ಇನ್ನೊಂದು ತಾಯಿ ಮಗನ ಕಥೆ ಬಹಳ ಕಡೆ ಓದಿರುತ್ತೀರಿ. ಟಿಟೋ ಮುಖೋಪಾಧ್ಯಾಯ ಬೆಳೆದದ್ದು ಮೈಸೂರು, ಬೆಂಗಳೂರುಗಳಲ್ಲಿ. ಹೆಚ್ಚು ಮಾತಿಲ್ಲ. ತಾಯಿ ಸೋಮಾ ಅವನ ಬೆರಳಿಗೆ ಪೆನ್ಸಿಲನ್ನು ರಬ್ಬರ್‌ಬ್ಯಾಂಡಿನಿಂದ ಕಟ್ಟಿ ಬರೆಯಲು ಕಲಿಸಿದರು. ಅವನು ಬರೆದ ಪುಸ್ತಕವನ್ನು 2000ದಲ್ಲಿ ಇಂಗ್ಲೆಂಡಿನ ಆ ಹಳೆಯ ಹೆತ್ತವರ ಸಂಘವೇ ಪ್ರಕಟಿಸಿತು. ಮುಂದೆ ಇಬ್ಬರೂ ಅಮೆರಿಕಕ್ಕೆ ಹೋದರು, ತಾಯಿಯ ಕ್ರಮಕ್ಕೆ ಅಲ್ಲಿ ಒಂದು ಹೆಸರೂ ಬಂತು. ಆ ಕ್ರಮದಲ್ಲಿ ಬರುವ ಮಾತು ಮಗುವಿನದೋ ಪಕ್ಕದಲ್ಲಿ ಕೂತವರದೋ ಎಂದು ಪ್ರಶ್ನಿಸಿ ಅಮೆರಿಕದ ವಾಕ್ ತಜ್ಞರ ಸಂಘ 2018ರಲ್ಲಿ ಅದನ್ನು ಬಳಸಬೇಡಿ ಎಂದಿತು. ನನ್ನ ಅಭಿಪ್ರಾಯ ಕೇಳಿದರೆ, ಪರೀಕ್ಷೆಯಲ್ಲಿ ನಿಲ್ಲದ ಕ್ರಮವನ್ನು ನೂರು ಮನೆಗೆ ಹಂಚಬಾರದು. ಟಿಟೋ ತಾನಾಗಿ ಬರೆದ ಎಂದು ಅವನನ್ನು ಹತ್ತಿರದಿಂದ ಕಂಡ ತಜ್ಞರು ಹೇಳಿದ್ದೂ ಇದೆ. ಒಬ್ಬನಿಗೆ ಆದದ್ದು ಎಲ್ಲರಿಗೂ ಆಗಲೇಬೇಕೆಂದಿಲ್ಲ. ಆ ಪುಸ್ತಕ ಬಂದ ಮೇಲೆ ನಮ್ಮ ನೆಂಟರೊಬ್ಬರು ಪತ್ರಿಕೆಯ ತುಣುಕು ತಂದುಕೊಟ್ಟು, “ನೋಡಿ, ಆ ತಾಯಿ ಎಷ್ಟು ಕಷ್ಟಪಟ್ಟಿದ್ದಾಳೆ” ಅಂದರು. ಹೊಗಳಿಕೆಯಲ್ಲೂ ಒಂದು ತೂಕದ ಕಲ್ಲು ಇಟ್ಟಿರುತ್ತಾರೆ.

ಏಪ್ರಿಲ್ 2 ಆಟಿಸಂ ಜಾಗೃತಿ ದಿನ. ಕತಾರ್ ದೇಶ ಮಂಡಿಸಿದ ನಿರ್ಣಯವನ್ನು ವಿಶ್ವಸಂಸ್ಥೆ 2007ರ ಡಿಸೆಂಬರಿನಲ್ಲಿ ಒಪ್ಪಿ, 2008ರಿಂದ ನಡೆಯುತ್ತಿದೆ. ನಮ್ಮ ಶಾಲೆಗಳಿಗೆ ಇದರಷ್ಟು ಅನನುಕೂಲದ ದಿನ ಇನ್ನೊಂದಿಲ್ಲ, ಪರೀಕ್ಷೆ, ಪೇಪರ್ ತಿದ್ದುವ ಗಡಿಬಿಡಿ, ಮಕ್ಕಳು ಬೇಸಿಗೆ ರಜೆಗೆ ಕಾಲು ಹೊರಗಿಟ್ಟಿರುತ್ತಾರೆ. ನಾನು ಜೂನ್ ತಿಂಗಳಲ್ಲಿ, ಶಾಲೆ ಶುರುವಾಗುವಾಗ, ಕರೆದ ಕಡೆಗೆಲ್ಲ ಹೋಗಿ ಶಿಕ್ಷಕರ ಜೊತೆ ಮಾತಾಡುತ್ತೇನೆ. ಭಾಷಣದಲ್ಲಿ ಐನ್‌ಸ್ಟೈನ್ ಹೆಸರು ತೆಗೆಯುವುದಿಲ್ಲ. ನಾನು ಹೇಳುವುದು ಮಿಸಿಸಿಪ್ಪಿಯ ಒಬ್ಬ ರೈತ ಮತ್ತು ಅವನ ಹೆಂಡತಿಯ ಕಥೆ.

1942ರಲ್ಲಿ, ಒಂಬತ್ತು ವರ್ಷದ ಡೊನಾಲ್ಡನನ್ನು ತಂದೆತಾಯಿ ಊರಿನಿಂದ ಹತ್ತು ಮೈಲಿ ದೂರದ ಲೂಯಿಸ್ ಎಂಬ ರೈತ ದಂಪತಿಯ ಮನೆಯಲ್ಲಿ ಇರಿಸಿದ್ದರು. ಮೂರು ವರ್ಷದ ನಂತರ ಕ್ಯಾನರ್ ಅಲ್ಲಿಗೆ ಹೋಗಿ ನೋಡಿ ಬೆರಗಾದರು. ಹುಡುಗನಿಗೆ ಅಳತೆಯ ಗೀಳು, ಅದಕ್ಕೆ ಬಾವಿ ತೋಡಲು ಹಚ್ಚಿ, ಎಷ್ಟು ಆಳವಾಯಿತು ಹೇಳು ಎಂದಿದ್ದರು. ಸತ್ತ ಹಕ್ಕಿ, ಹುಳ ಕೂಡಿಡುತ್ತಿದ್ದ, ಅದಕ್ಕೊಂದು ತುಂಡು ನೆಲ ಕೊಟ್ಟು, ಇದು ನಿನ್ನ ಸ್ಮಶಾನ, ಒಂದೊಂದಕ್ಕೂ ಫಲಕ ನೆಡು ಎಂದಿದ್ದರು. ಜೋಳದ ಸಾಲುಗಳನ್ನು ಸುಮ್ಮನೆ ಎಣಿಸುತ್ತಾ ನಿಲ್ಲುತ್ತಿದ್ದ, ಕೈಗೆ ನೇಗಿಲು ಕೊಟ್ಟು, ಉಳುತ್ತಾ ಎಣಿಸು ಎಂದಿದ್ದರು. ಕ್ಯಾನರ್ ನೋಡುತ್ತಿದ್ದಂತೆ ಹುಡುಗ ಆರು ಉದ್ದದ ಸಾಲು ಉತ್ತ, ಕುದುರೆಯನ್ನೂ ನೇಗಿಲನ್ನೂ ತಾನೇ ತಿರುಗಿಸಿಕೊಂಡ. ಆ ದಂಪತಿ ಮನಶ್ಶಾಸ್ತ್ರ ಓದಿದವರಲ್ಲ. ಇದನ್ನು ಕೇಳಿದ ಮೇಲೆ ಶಿಕ್ಷಕರು ‘ನಮ್ಮ ಕ್ಲಾಸಲ್ಲಿ ಒಬ್ಬ ಇದ್ದಾನೆ, ಬರೀ ಫ್ಯಾನ್ ನೋಡ್ತಾನೆ’ ಎಂದು ಶುರು ಮಾಡುತ್ತಾರೆ. ಯಾವ ಕ್ಲಾಸಿನ ಫ್ಯಾನ್ ಜೋರಾಗಿ ತಿರುಗುತ್ತದೆ ಅಂತ ಅವನನ್ನೇ ಕೇಳಿ ಅನ್ನುತ್ತೇನೆ.

ಡೊನಾಲ್ಡ್ ಮುಂದೆ ಕಾಲೇಜು ಮುಗಿಸಿದ, ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದ, 27ನೆಯ ವಯಸ್ಸಿಗೆ ಕಾರು ಕಲಿತ, ಗಾಲ್ಫ್ ಆಡಿದ, ದೇಶ ದೇಶ ಸುತ್ತಿದ. 2023ರಲ್ಲಿ, 89ನೆಯ ವಯಸ್ಸಿನಲ್ಲಿ ತೀರಿಕೊಂಡ. ಅವನ ಬದುಕನ್ನು ಊರಿನ ಒಳ್ಳೆಯತನದ ಕಥೆಯಾಗಿ ಹೇಳುವುದುಂಟು. ಊರು ಒಳ್ಳೆಯದೇ. ಆ ಬ್ಯಾಂಕು ಅವನ ತಾಯಿಯ ಮನೆತನದ್ದು ಎಂಬುದನ್ನೂ ಸೇರಿಸಿ ಹೇಳಬೇಕು.

ನಮ್ಮಲ್ಲಿ ಬ್ಯಾಂಕಿಲ್ಲ, ನ್ಯಾಷನಲ್ ಟ್ರಸ್ಟ್ ಇದೆ. ಮಗುವಿಗೆ 18 ತುಂಬಿದರೆ ಕಾನೂನಿನ ಕಣ್ಣಿಗೆ ಅವನು ದೊಡ್ಡವನು. ಅವನ ಪರವಾಗಿ ಸಹಿ ಹಾಕಲು ತಾಯಿಗೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸ್ಥಳೀಯ ಸಮಿತಿಯಿಂದ ಪೋಷಕತ್ವದ ಪತ್ರ ಬೇಕು. ನಮ್ಮದಾಗಿದೆ. ನಮ್ಮ ನಂತರ ಅರ್ಜಿ ಹಾಕಲು ತಂಗಿಯ ಮಗಳು ಒಪ್ಪಿದ್ದಾಳೆ, ಬೆಂಗಳೂರಿನಲ್ಲಿ ಕೆಲಸ, ಚುರುಕಿನ ಹುಡುಗಿ. ಅವಳಿಗೆಂದು ನೋಟ್‌ಬುಕ್ಕುಗಳನ್ನು ಶುದ್ಧಪ್ರತಿ ಮಾಡುತ್ತಿದ್ದೇನೆ. ಕಳೆದ ಸಲ ಬಂದಾಗ ಅರ್ಧ ಓದಿ, ಫೋನಿನಲ್ಲಿ ಫೋಟೋ ಹೊಡೆದುಕೊಂಡಳು.

“ದೊಡ್ಡಮ್ಮ, ಇಷ್ಟೆಲ್ಲ ಬರ್ದಿದ್ದೀರ, ಅಣ್ಣನಿಗೆ ಜ್ವರ ಬಂದ್ರೆ ಹೇಗೆ ಗೊತ್ತಾಗುತ್ತೆ ಅಂತ ಇಲ್ವಲ್ಲ? ಅವನು ಹೇಳಲ್ಲ.”

ನಿಜ, ಬರೆದಿರಲಿಲ್ಲ. ಬೆಳಗ್ಗೆ ಪೇಪರ್ ಬಂದ ತಕ್ಷಣ ಮಡಿಕೆ ಬಿಚ್ಚಿ, ಅಂಚು ಕೂಡಿಸಿ, ಮತ್ತೆ ಮಡಿಸಿ ಅಪ್ಪನ ಕುರ್ಚಿಯ ಮೇಲಿಡುವುದು ಅವನ ಕೆಲಸ. ಪೇಪರ್ ಬಾಗಿಲಲ್ಲೇ ಬಿದ್ದಿದ್ದರೆ ಥರ್ಮಾಮೀಟರ್ ತೆಗಿ ಅಂದೆ. ಭಾನುವಾರದ ಪುರವಣಿ ಇದ್ದ ದಿನ ಸ್ವಲ್ಪ ತಡವಾಗುತ್ತದೆ, ಅದಕ್ಕೆ ಗಾಬರಿಯಾಗಬೇಡ, ಅದನ್ನೂ ಬರೆದುಕೋ.